ಹುಣ್ಣಿಮೆಗೆ ಕೂಡುತ್ತಿದ್ದ ಗೆಳೆಯರು

ಬೀದಿದೀಪಗಳಿಲ್ಲದ ಕಾಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನಲ್ಲೂ ಅದರ ಸುತ್ತಲಿನ ಹಳ್ಳಿ ಪಟ್ಟಣಗಳಲ್ಲೂ ಚದುರಿಹೋಗಿದ್ದ ಕೆಲವು ಗೆಳೆಯರಿಗೆ ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಕುಳಿತು ಉಣ್ಣಬೇಕು, ಮನಸಾರೆ ಮಾತನಾಡಬೇಕು ಎಂಬ ಆಸೆ. ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಕುಳಿತರೆ ಮಾತು ಮುಗಿಯುತ್ತಿದ್ದುದು ರಾತ್ರಿ ಎಂಟಕ್ಕೆ. ಆಮೇಲೆ ಕೆಸರು, ಹಳ್ಳ, ಕಳ್ಳಕಾಕರ ಭಯವಿದ್ದ ದಾರಿಯಲ್ಲಿ ಕುದುರೆಯ ಮೇಲೋ ಗಾಡಿಯಲ್ಲೋ ಮನೆ ಸೇರಬೇಕು. ಆದ್ದರಿಂದ ಅವರು ಹುಣ್ಣಿಮೆಗೆ ಹತ್ತಿರದ ದಿನವನ್ನೇ ಆರಿಸಿಕೊಂಡರು. ಈ ಕೂಟಕ್ಕೆ ‘ಲೂನಾರ್ ಸೊಸೈಟಿ’, ಅಂದರೆ ಚಂದ್ರಕೂಟ ಎಂಬ ಹೆಸರು ಬಂದದ್ದು ಹೀಗೆ. ನಮ್ಮ ಬೆಳದಿಂಗಳ ಊಟಕ್ಕೆ ಚಂದ್ರ ಶೋಭೆ. ಅವರಿಗೆ ಅವನು ಲಾಟೀನು.

ಇಂಗ್ಲಿಷಿನಲ್ಲಿ ಹುಚ್ಚನನ್ನು ಸೂಚಿಸುವ ಒಂದು ಮಾತು ಚಂದ್ರನ ಹೆಸರಿನಿಂದಲೇ ಹುಟ್ಟಿದ್ದು. ಹುಣ್ಣಿಮೆಗೆ ಕೂಡುವವರೆಂದು ಈ ಗೆಳೆಯರಿಗೂ ಆ ಹೆಸರು ತಮಾಷೆಗೆ ಅಂಟಿಕೊಂಡಿತು. ಆದರೆ ಈ ‘ಹುಚ್ಚರ’ ಋಣ ಲೋಕದ ಮೇಲೆ ಸಣ್ಣದಲ್ಲ. ಇಂದು ಯಾವ ಮನೆಯ ಬಲ್ಬಿನ ಮೇಲೆ ನೋಡಿದರೂ ಅವರಲ್ಲೊಬ್ಬನ ಹೆಸರಿದೆ: ವ್ಯಾಟ್. ಆಮ್ಲಜನಕವನ್ನು ಬೇರ್ಪಡಿಸಿ ತೋರಿಸಿದ ಜೋಸೆಫ್ ಪ್ರೀಸ್ಟ್ಲಿ ಅವರಲ್ಲೊಬ್ಬ. ಪಿಂಗಾಣಿ ಉದ್ಯಮಕ್ಕೆ ಹೊಸ ರೂಪ ಕೊಟ್ಟ ಜೊಸಾಯ ವೆಜ್‌ವುಡ್ ಆ ಬಳಗದವನು. ಹೃದ್ರೋಗಕ್ಕೆ ಡಿಜಿಟಾಲಿಸ್ ಮದ್ದನ್ನು ವೈದ್ಯಶಾಸ್ತ್ರದೊಳಕ್ಕೆ ತಂದ ವಿಲಿಯಂ ವಿದರಿಂಗ್ ಇನ್ನೊಬ್ಬ. ಇವರ ನಡುವೆ ಸ್ಥೂಲ ದೇಹದ, ತೊದಲು ಮಾತಿನ, ಕವಿತೆ ಬರೆಯುವ ಡಾಕ್ಟರನೊಬ್ಬನಿದ್ದ, ಎರಾಸ್ಮಸ್ ಡಾರ್ವಿನ್. ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ಗೆ ಈತ ತಂದೆಯ ತಂದೆ. ವೆಜ್‌ವುಡ್ ತಾಯಿಯ ತಂದೆ. ಗೆಳೆಯರಿಬ್ಬರೂ ಬೀಗರಾದದ್ದು 1796ರಲ್ಲಿ, ವೆಜ್‌ವುಡ್ ತೀರಿಕೊಂಡ ಮರುವರ್ಷ.

‘ನಮ್ಮವರು’ ಎಂಬ ಮಾತಿಗೆ ನಮ್ಮಲ್ಲಿ ರೂಢಿಯಾಗಿರುವ ಅರ್ಥ ಬಹಳ ಮಟ್ಟಿಗೆ ಹುಟ್ಟಿನಿಂದ ಬಂದದ್ದು. ರಕ್ತಸಂಬಂಧ, ಜಾತಿ, ಊರು, ಅಬ್ಬಬ್ಬಾ ಎಂದರೆ ಒಂದೇ ಶಾಲೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲೂ ಸ್ಥಿತಿ ಬೇರೆಯಿರಲಿಲ್ಲ. ಯಾವ ಮನೆತನ, ಯಾವ ಚರ್ಚು, ಯಾವ ವಿಶ್ವವಿದ್ಯಾಲಯ ಎಂಬುದರ ಮೇಲೆ ಯಾರ ಮನೆಯಲ್ಲಿ ಯಾರು ಊಟಕ್ಕೆ ಕೂರಬಹುದು ಎಂಬುದು ತೀರ್ಮಾನವಾಗುತ್ತಿತ್ತು. ದೇಶದ ಅಧಿಕೃತ ಚರ್ಚಿಗೆ ಸೇರದ ಕ್ರೈಸ್ತರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ ಇಲ್ಲ, ಸರ್ಕಾರಿ ಹುದ್ದೆ ಇಲ್ಲ. ಅಂಥ ಕಾಲದಲ್ಲಿ ಈ ಮೇಜಿನ ಸುತ್ತ ಕುಳಿತವರ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ. ದೇವರ ವಿಷಯದಲ್ಲಿ ಅರೆನಂಬಿಕೆಯ ಡಾರ್ವಿನ್. ಅಧಿಕೃತ ಚರ್ಚಿನ ತತ್ವಗಳನ್ನೇ ಅಲ್ಲಗಳೆಯುತ್ತಿದ್ದ ಪಾದ್ರಿ ಪ್ರೀಸ್ಟ್ಲಿ. ಅಹಿಂಸೆಯನ್ನು ಧರ್ಮವೆಂದು ತಿಳಿದ ಕ್ವೇಕರ್ ಪಂಥದವನಾಗಿದ್ದೂ ಬಂದೂಕಿನ ಕಾರ್ಖಾನೆ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಗಾಲ್ಟನ್. ಸೈನ್ಯ ಬಿಟ್ಟು ಬಂದು ಸಾಬೂನು ಮಾಡುತ್ತಿದ್ದ ಕ್ಯಾಪ್ಟನ್ ಜೇಮ್ಸ್ ಕೀರ್. ಗುಂಡಿ, ಬಕಲು ಮಾಡುವ ಮನೆತನದಿಂದ ಬಂದು ಸೋಹೊ ಎಂಬಲ್ಲಿ ದೊಡ್ಡ ಕಾರ್ಖಾನೆ ಕಟ್ಟಿದ ಮ್ಯಾಥ್ಯೂ ಬೋಲ್ಟನ್. ಬೇರೆ ಬೇರೆ ವರ್ಷಗಳಲ್ಲಿ ಬಂದು ಹೋದವರನ್ನೆಲ್ಲ ಸೇರಿಸಿದರೂ ಹದಿನಾಲ್ಕು ಮಂದಿ. ನಿಯಮಾವಳಿ ಇಲ್ಲ, ಚುನಾವಣೆ ಇಲ್ಲ, ನಡಾವಳಿ ಪುಸ್ತಕವೂ ಇಲ್ಲ. ಸಂಘ ಕಟ್ಟಿದ ಮರುದಿನವೇ ರಬ್ಬರ್ ಸ್ಟಾಂಪು ಮಾಡಿಸುವ ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು.

ಬರ್ಮಿಂಗ್‌ಹ್ಯಾಮ್ ಊರೇ ಇದಕ್ಕೆ ಅನುಕೂಲವಾಗಿತ್ತು ಎನ್ನಬೇಕು. ಅದಕ್ಕೆ ಆಗ ನಗರಸಭೆಯ ಸ್ಥಾನವಿರಲಿಲ್ಲ. ಪಾರ್ಲಿಮೆಂಟಿಗೆ ಸ್ವಂತ ಪ್ರತಿನಿಧಿ ಸಿಕ್ಕಿದ್ದು 1832ರಲ್ಲಿ. ಹಳೆಯ ಪಟ್ಟಣಗಳಲ್ಲಿದ್ದ ಕಸುಬುದಾರ ಸಂಘಗಳ ಕಟ್ಟುಪಾಡುಗಳೂ, ಬೇರೆ ಪಂಥದ ಪಾದ್ರಿಗಳ ಮೇಲಿದ್ದ ನಿರ್ಬಂಧಗಳೂ ಅಲ್ಲಿ ನಡೆಯುತ್ತಿರಲಿಲ್ಲ. ಹೀಗಾಗಿ ಬೇರೆಡೆ ಜಾಗ ಸಿಗದವರಿಗೆ ಅಲ್ಲಿ ಜಾಗ ಸಿಕ್ಕಿತು. ಆದರೆ ಒಂದೇ ಊರಲ್ಲಿದ್ದ ಮಾತ್ರಕ್ಕೆ ಗೆಳೆತನ ಬೆಳೆಯುವುದಿಲ್ಲ. ಇವರನ್ನು ಹತ್ತಿರ ತಂದವನು ಹೆಸರೇ ‘ಚಿಕ್ಕವ’ ಎಂಬ ಅರ್ಥದ ಒಬ್ಬ ಸಂಕೋಚದ ಮನುಷ್ಯ, ವಿಲಿಯಂ ಸ್ಮಾಲ್.

ಕಾಗದಗಳಲ್ಲಿ ಕಟ್ಟಿದ ಬಳಗ

ಸ್ಮಾಲ್ ಸ್ಕಾಟ್ಲೆಂಡಿನವನು. ಅಮೆರಿಕದ ವರ್ಜೀನಿಯದ ಕಾಲೇಜಿನಲ್ಲಿ ಆರು ವರ್ಷ ಗಣಿತ, ತತ್ವಶಾಸ್ತ್ರ ಕಲಿಸಿದ. ಅಲ್ಲಿ ಅವನ ವಿದ್ಯಾರ್ಥಿಯಾಗಿದ್ದವನು ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್. ತನ್ನ ಬದುಕಿನ ದಿಕ್ಕನ್ನು ನಿರ್ಧರಿಸಿದವನು ಈ ಮೇಷ್ಟರೇ ಎಂದು ಜೆಫರ್ಸನ್ ಮುಪ್ಪಿನಲ್ಲಿ ಬರೆದುಕೊಂಡಿದ್ದಾನೆ. 1765ರಲ್ಲಿ ಸ್ಮಾಲ್ ಬರ್ಮಿಂಗ್‌ಹ್ಯಾಮಿಗೆ ಬಂದಾಗ ಅವನ ಕೈಯಲ್ಲಿ ಬೋಲ್ಟನ್‌ಗೆಂದು ಬೆಂಜಮಿನ್ ಫ್ರಾಂಕ್ಲಿನ್ ಬರೆದುಕೊಟ್ಟ ಪರಿಚಯಪತ್ರವಿತ್ತು. ಅಲ್ಲಿ ವೈದ್ಯನಾಗಿ ನೆಲೆಸಿದ.

ಸ್ಮಾಲ್ ಹೆಚ್ಚು ಏನನ್ನೂ ಪ್ರಕಟಿಸಲಿಲ್ಲ. ದೊಡ್ಡ ಸಂಶೋಧನೆಯೊಂದೂ ಅವನ ಹೆಸರಿನಲ್ಲಿಲ್ಲ. ಅವನ ಗುಣವೆಂದರೆ ಇನ್ನೊಬ್ಬರ ತಲೆಯಲ್ಲಿದ್ದುದನ್ನು ಗುರುತಿಸುವುದು. ಗ್ಲಾಸ್ಗೊದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ಜೇಮ್ಸ್ ವ್ಯಾಟ್ 1767ರಲ್ಲಿ ಸೋಹೊ ಕಾರ್ಖಾನೆ ನೋಡಲು ಬಂದಾಗ ಬೋಲ್ಟನ್ ಊರಲ್ಲಿರಲಿಲ್ಲ. ಅವನನ್ನು ಕಂಡು ಮಾತನಾಡಿಸಿದವರು ಸ್ಮಾಲ್ ಮತ್ತು ಡಾರ್ವಿನ್. ಆವಿಯನ್ನು ಸಿಲಿಂಡರಿನೊಳಗೇ ತಣಿಸುವ ಬದಲು ಬೇರೆ ಪಾತ್ರೆಯಲ್ಲಿ ತಣಿಸಿದರೆ ಇಂಧನ ಎಷ್ಟೋ ಉಳಿಯುತ್ತದೆಂಬ ವ್ಯಾಟನ ಉಪಾಯ ಆಗಿನ್ನೂ ಕಾಗದದ ಮೇಲಿತ್ತು. ವ್ಯಾಟ್ ಸ್ವಭಾವತಃ ಅಧೀರ. ತಲೆನೋವು, ಬೇಸರ, ಸಾಲದ ಚಿಂತೆ. ಕೈಹಿಡಿದ ಕೆಲಸ ಕೆಟ್ಟೇ ಕೆಡುತ್ತದೆ ಎಂದು ಮೊದಲೇ ನಂಬುವವನು. ಇಂಥವನಿಗೆ ಸ್ಮಾಲ್ ವರ್ಷಗಟ್ಟಲೆ ಕಾಗದ ಬರೆದ. ಬೋಲ್ಟನ್ ಕೂಡ 1769ರಲ್ಲಿ ಬರೆದ: ತಾನು ನೆರವಿಗೆ ಬರಲು ಎರಡು ಕಾರಣಗಳಿವೆ, ಒಂದು ವ್ಯಾಟನ ಮೇಲಿನ ಪ್ರೀತಿ, ಇನ್ನೊಂದು ಹಣ ತರುವ ಜಾಣ ಕೆಲಸದ ಮೇಲಿನ ಪ್ರೀತಿ ಎಂದು. ಈ ಪ್ರಾಮಾಣಿಕತೆಯನ್ನು ಗಮನಿಸಬೇಕು. ಬರೀ ಪ್ರೀತಿ ಎಂದಿದ್ದರೆ ವ್ಯಾಟ್ ನಂಬುತ್ತಿದ್ದನೋ ಇಲ್ಲವೋ.

1773ರಲ್ಲಿ ವ್ಯಾಟನ ಹೆಂಡತಿ ತೀರಿಕೊಂಡಳು. ಅವನಿಗೆ ಬಂಡವಾಳ ಹಾಕಿದ್ದ ಪಾಲುದಾರ ದಿವಾಳಿಯಾದ. ಮರುವರ್ಷ ಅವನು ಬರ್ಮಿಂಗ್‌ಹ್ಯಾಮಿಗೆ ಬಂದು ನಿಂತ. ಆವಿಯಂತ್ರದ ಕಥೆಯಲ್ಲಿ ಸಾಮಾನ್ಯವಾಗಿ ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡುವ ಹುಡುಗ ಬರುತ್ತಾನೆ, ಈ ಕಾಗದಗಳು ಬರುವುದಿಲ್ಲ. ನಿಜಕ್ಕೂ ಯಂತ್ರ ನಡೆದದ್ದು ಅವುಗಳಿಂದ.

1775ರ ಫೆಬ್ರುವರಿಯಲ್ಲಿ ಸ್ಮಾಲ್ ಜ್ವರದಿಂದ ಸತ್ತ. ಆಗ ಅವನಿಗೆ ನಲವತ್ತು ವಯಸ್ಸು. ಸಾಗರದಾಚೆ ಇದ್ದ ಜೆಫರ್ಸನ್‌ಗೆ ಸುದ್ದಿ ತಲುಪಿರಲಿಲ್ಲ. ಅಮೆರಿಕದಲ್ಲಿ ಬ್ರಿಟಿಷರ ವಿರುದ್ಧ ಮೊದಲ ಗುಂಡು ಹಾರಿದ ಮೇಲೆ, ಮೇ ತಿಂಗಳಲ್ಲಿ, ಆತ ತನ್ನ ಹಳೆಯ ಮೇಷ್ಟರಿಗೆ ಕಾಗದ ಬರೆದು ಜೊತೆಗೆ ಮೂರು ಡಜನ್ ಬಾಟಲಿ ಮದಿರಾ ದ್ರಾಕ್ಷಾರಸ ಕಳಿಸಿದ. ಅದನ್ನು ಸ್ವೀಕರಿಸುವವನು ಇರಲಿಲ್ಲ. ಬೋಲ್ಟನ್ ತನ್ನ ತೋಟದಲ್ಲಿ ಸ್ಮಾಲ್‌ಗೆ ಸ್ಮಾರಕ ನಿಲ್ಲಿಸಿದ, ಅದಕ್ಕೆ ಡಾರ್ವಿನ್ ಪದ್ಯ ಬರೆದ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ನಡೆಯಿತು. ಅದುವರೆಗೆ ತೋಚಿದಾಗ ಸೇರುತ್ತಿದ್ದವರು, ಬೆಸೆದಿದ್ದ ಕೊಂಡಿ ಕಳಚಿದ ಮೇಲೆ, ಅದೇ ವರ್ಷದ ಕೊನೆಯ ಹೊತ್ತಿಗೆ ಗೊತ್ತಾದ ದಿನಕ್ಕೆ ಸೇರಲು ತೊಡಗಿದರು. ಚಂದ್ರಕೂಟ ಎಂಬ ಹೆಸರು ಹುಟ್ಟಿದ್ದು ಆ ಬಳಿಕ.

ಮೇಜಿನ ಸುತ್ತ

ಅಲ್ಲಿ ಏನು ನಡೆಯುತ್ತಿತ್ತು? ಬರೆದಿಟ್ಟ ದಾಖಲೆ ಇಲ್ಲದ್ದರಿಂದ ಕಾಗದಪತ್ರಗಳಿಂದಲೇ ಊಹಿಸಬೇಕು. 1778ರಲ್ಲಿ ರೋಗಿಗಳ ಕಾಟದಿಂದ ಕೂಟಕ್ಕೆ ಬರಲಾಗದ ಡಾರ್ವಿನ್ ಬೋಲ್ಟನ್‌ಗೆ ಬರೆದ ಪತ್ರದಲ್ಲಿ ಹೊಟ್ಟೆಕಿಚ್ಚೇ ತುಂಬಿದೆ: ಎಷ್ಟು ಹೊಸ ಉಪಾಯಗಳು, ಎಷ್ಟು ಚಮತ್ಕಾರದ ಮಾತುಗಳು ಚೆಂಡಿನಂತೆ ಒಬ್ಬರಿಂದೊಬ್ಬರಿಗೆ ಹಾರಾಡುತ್ತಿರುತ್ತವೋ, ತಾನು ಮಾತ್ರ ಗಾಡಿಯಲ್ಲಿ ಕುಲುಕಾಡುತ್ತ ಯಾರದೋ ಹೊಟ್ಟೆನೋವಿನ ಜೊತೆ ಗುದ್ದಾಡಬೇಕಲ್ಲ ಎಂಬ ಧಾಟಿ. ಒಮ್ಮೆ ಈತ ಮಾತನಾಡುವ ಯಂತ್ರ ಮಾಡಲು ಹೊರಟ. ಆ ಯಂತ್ರ ಕ್ರೈಸ್ತ ಪ್ರಾರ್ಥನೆ, ವಿಶ್ವಾಸಘೋಷಣೆ, ಹತ್ತು ಕಟ್ಟಳೆ ಇವನ್ನು ಉಚ್ಚರಿಸಿದರೆ ಸಾವಿರ ಪೌಂಡು ಕೊಡುತ್ತೇನೆಂದು 1771ರಲ್ಲಿ ಬೋಲ್ಟನ್ ಕರಾರು ಬರೆದುಕೊಟ್ಟ. ಸ್ಮಾಲ್ ಮತ್ತು ಕೀರ್ ಸಾಕ್ಷಿ ಹಾಕಿದರು. ತೊದಲುವ ಮನುಷ್ಯ ತೊದಲದ ಯಂತ್ರ ಮಾಡಲು ಹೊರಟದ್ದನ್ನು ನೆನೆದರೆ ಈ ತಮಾಷೆಯ ಕೆಳಗೆ ಇನ್ನೇನೋ ಇತ್ತೆನಿಸುತ್ತದೆ. ಸಾವಿರ ಪೌಂಡು ಮಾತ್ರ ಬೋಲ್ಟನ್‌ನ ಪೆಟ್ಟಿಗೆಯಲ್ಲೇ ಉಳಿಯಿತು.

ಗಾಲ್ಟನ್‌ನ ಮಗಳು ಮೇರಿ ಆನ್ ಬಾಲ್ಯದಲ್ಲಿ ಕಂಡದ್ದನ್ನು ಮುಂದೆ ಬರೆದಿಟ್ಟಿದ್ದಾಳೆ. ಡಾಕ್ಟರ್ ಸ್ಟೋಕ್ಸ್ ಎಂಬ ಸದಸ್ಯ ಬರುವ ದಾರಿಯಲ್ಲಿ ಚಳಿಗೆ ಸೆಟೆದುಕೊಂಡಿದ್ದ ಹಾವೊಂದನ್ನು ಕಂಡು, ಕೊಯ್ದು ನೋಡೋಣವೆಂದು ಜೇಬಿಗೆ ಹಾಕಿಕೊಂಡು ಬಂದ. ಬೆಚ್ಚನೆಯ ಕೋಣೆಯಲ್ಲಿ ಅದು ಎಚ್ಚೆತ್ತು ಹೊರಗೆ ಹರಿದಾಡಿತು. ವಿದ್ವಾಂಸರು ಗಾಬರಿಬಿದ್ದರು, ಹಿಡಿದವಳು ಆ ಪುಟ್ಟ ಹುಡುಗಿ. ಹೆಂಗಸರಿಗೆ ಆ ಕೂಟದಲ್ಲಿ ಸದಸ್ಯತ್ವ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು.

ಸದಸ್ಯರು ಒಬ್ಬರಲ್ಲೊಬ್ಬರು ಮೆಚ್ಚಿದ್ದು ಪಾಂಡಿತ್ಯವನ್ನಲ್ಲ. ಕೈಯಿಂದ ಮಾಡಿ ನೋಡುವ ಚಪಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ, ತನಗೆ ತಿಳಿದದ್ದನ್ನು ಮುಚ್ಚಿಡದ ಔದಾರ್ಯ. ಪ್ರೀಸ್ಟ್ಲಿ 1780ರ ಕೊನೆಗೆ ಊರಿಗೆ ಬಂದಾಗ ಆತನಿಗೆ ಭಾನುವಾರ ಪ್ರವಚನದ ಕೆಲಸ. ಅದಕ್ಕಾಗಿ ಕೂಟದ ದಿನವನ್ನೇ ಸೋಮವಾರಕ್ಕೆ ಬದಲಾಯಿಸಿದರು. ಅವನ ಪ್ರಯೋಗಗಳಿಗೆ ಗೆಳೆಯರು ಚಂದಾ ಎತ್ತಿದರು. ವೆಜ್‌ವುಡ್ ತನ್ನ ಆವಿಗೆಯಲ್ಲಿ ಬೆಂದ ಪಾತ್ರೆಗಳನ್ನು ಬಿಟ್ಟಿಯಾಗಿ ಕಳಿಸಿದ. ಹಾಗೆಂದು ಅಭಿಪ್ರಾಯದಲ್ಲಿ ಯಾರೂ ಯಾರಿಗೂ ರಿಯಾಯಿತಿ ಕೊಡಲಿಲ್ಲ. ಉರಿಯುವಿಕೆಯ ಬಗ್ಗೆ ಫ್ರಾನ್ಸಿನ ಲವಾಸಿಯೆಯ ಹೊಸ ಸಿದ್ಧಾಂತವನ್ನು ಡಾರ್ವಿನ್ ಒಪ್ಪಿಕೊಂಡ. ಪ್ರೀಸ್ಟ್ಲಿ ಸಾಯುವವರೆಗೆ ಒಪ್ಪಲಿಲ್ಲ. ಒಬ್ಬರ ಧರ್ಮವನ್ನಾಗಲಿ ರಾಜಕೀಯವನ್ನಾಗಲಿ ಇನ್ನೊಬ್ಬರು ಕೇಳಲಿಲ್ಲ, ವಿಜ್ಞಾನದ ಪ್ರೀತಿಯೊಂದೇ ತಮ್ಮನ್ನು ಕೂಡಿಸಿತ್ತು ಎಂಬ ಅರ್ಥದ ಮಾತನ್ನು ಪ್ರೀಸ್ಟ್ಲಿಯೇ ಬರೆದಿದ್ದಾನೆ.

ಇದನ್ನೆಲ್ಲ ಓದಿ ಅವರು ದೇವತೆಗಳೆಂದುಕೊಳ್ಳಬೇಕಾಗಿಲ್ಲ. ಔದಾರ್ಯದ ಮಾತು ಬಂದರೂ ವ್ಯಾಟ್ ತನ್ನ ಪೇಟೆಂಟನ್ನು 1800ರವರೆಗೆ ಹದ್ದಿನ ಕಣ್ಣಿನಿಂದ ಕಾದ. ಸ್ಮಾಲ್‌ನ ಜಾಗಕ್ಕೆ ಡಾರ್ವಿನ್ ತಾನೇ ಕರೆಸಿದ ವಿದರಿಂಗ್‌ನೊಡನೆ ಡಾರ್ವಿನ್‌ಗೇ ಜಗಳವಾಯಿತು. ಕೈಕಾಲು ಊದಿಕೊಳ್ಳುವ ರೋಗಕ್ಕೆ ಶ್ರಾಪ್‌ಷೈರಿನ ಮುದುಕಿಯೊಬ್ಬಳು ಕೊಡುತ್ತಿದ್ದ ಗುಟ್ಟಿನ ಔಷಧದಲ್ಲಿ ಫಾಕ್ಸ್‌ಗ್ಲೋವ್ ಗಿಡದ ಎಲೆಯೇ ಮುಖ್ಯವೆಂದು ಗುರುತಿಸಿ, ಹತ್ತು ವರ್ಷ ರೋಗಿಗಳ ಮೇಲೆ ಪ್ರಮಾಣ ನೋಡಿ, ವಿದರಿಂಗ್ 1785ರಲ್ಲಿ ಪುಸ್ತಕ ತಂದ. ಅದೇ ಮದ್ದಿನ ಬಗ್ಗೆ ಡಾರ್ವಿನ್ ವಿದರಿಂಗ್‌ನ ಹೆಸರು ಎತ್ತದೆ ಬರೆದ. ಆ ಗಾಯ ಮಾಯಲಿಲ್ಲ. ಗುಲಾಮಗಿರಿಯ ವಿಷಯದಲ್ಲಿ ಇನ್ನೂ ದೊಡ್ಡ ಬಿರುಕಿದೆ. 1787ರಲ್ಲಿ ಸಂಕೋಲೆ ತೊಟ್ಟು ಮೊಣಕಾಲೂರಿದ ಗುಲಾಮನ ಪದಕ ಮಾಡಿ ವೆಜ್‌ವುಡ್ ಹಂಚಿದ. ಆದರೆ ಗಾಲ್ಟನ್‌ನ ಬಂದೂಕುಗಳು ಆಫ್ರಿಕದ ಗುಲಾಮರ ವ್ಯಾಪಾರಕ್ಕೆ ಹೋಗುತ್ತಿದ್ದವು. ಬೋಲ್ಟನ್ ಮತ್ತು ವ್ಯಾಟ್ ಕಂಪನಿಯ ಯಂತ್ರಗಳು ಗುಲಾಮರು ದುಡಿಯುವ ಕೆರಿಬಿಯನ್ ಸಕ್ಕರೆ ತೋಟಗಳಿಗೂ ಹೋದವು.

ಗುಣಗಳ ಪಟ್ಟಿ ಹಿಡಿದು ಹೊರಟವನು

ಈ ಬಳಗದಲ್ಲೇ ತನ್ನವರನ್ನು ಪಡೆಯಲು ತೀರ ಬೇರೆ ದಾರಿ ಹಿಡಿದವನೊಬ್ಬನಿದ್ದ, ಥಾಮಸ್ ಡೇ. ಶ್ರೀಮಂತ, ಆದರ್ಶವಾದಿ, ತಲೆ ಬಾಚದ ಯುವಕ. ಗುಲಾಮಗಿರಿಯ ವಿರುದ್ಧ 1773ರಲ್ಲೇ ಗೆಳೆಯನೊಬ್ಬನೊಡನೆ ಸೇರಿ ಕಾವ್ಯ ಬರೆದವನು. ತನ್ನ ಹೆಂಡತಿ ಹೇಗಿರಬೇಕೆಂಬ ವಿಷಯದಲ್ಲಿ ಅವನಿಗೆ ಸ್ಪಷ್ಟವಾದ ಪಟ್ಟಿ ಇತ್ತು: ಸರಳತೆ, ಬುದ್ಧಿ, ನೋವನ್ನು ಸಹಿಸುವ ಗಟ್ಟಿತನ, ಸೊಗಸು ಶೃಂಗಾರಗಳಲ್ಲಿ ಅನಾಸಕ್ತಿ, ಅವನ ಮಾತಿನಲ್ಲಿ ಪೂರ್ಣ ವಿಶ್ವಾಸ. ಅಂಥವಳು ಸಿಗಲಿಲ್ಲ. ಚಿಂತಕ ರೂಸೊನ ಶಿಕ್ಷಣತತ್ವ ಓದಿದ್ದ ಡೇ, ಸಿಗದಿದ್ದರೆ ತಯಾರಿಸಿಕೊಳ್ಳುತ್ತೇನೆ ಎಂದು ಹೊರಟ.

1769ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅನಾಥಾಲಯಗಳಿಂದ ಇಬ್ಬರು ಹುಡುಗಿಯರನ್ನು ಕರೆತಂದ. ಒಬ್ಬಳಿಗೆ ಹನ್ನೆರಡು ವರ್ಷ, ಇನ್ನೊಬ್ಬಳಿಗೆ ಹನ್ನೊಂದು. ಸಬ್ರೀನಾ, ಲೂಕ್ರೀಷಿಯ ಎಂದು ಹೊಸ ಹೆಸರಿಟ್ಟು, ಇಂಗ್ಲಿಷ್ ತಿಳಿಯದ ಜನರ ನಡುವೆ ಇರಲೆಂದು ಫ್ರಾನ್ಸಿಗೆ ಕರೆದೊಯ್ದು ಪಾಠ ಹೇಳಿದ. ಲೂಕ್ರೀಷಿಯ ತನಗೆ ಒಗ್ಗುವುದಿಲ್ಲವೆಂದು ಅವಳನ್ನು ಟೋಪಿ ಹೊಲಿಯುವ ಕೆಲಸಕ್ಕೆ ಸೇರಿಸಿದ. ಸಬ್ರೀನಾಳನ್ನು ಡಾರ್ವಿನ್‌ನ ಊರಾದ ಲಿಚ್‌ಫೀಲ್ಡಿಗೆ ತಂದು ಪರೀಕ್ಷೆಗೊಡ್ಡಿದ. ಸಹನೆ ನೋಡಲು ಅವಳ ತೋಳಿನ ಮೇಲೆ ಕಾಯಿಸಿದ ಅರಗನ್ನು ತೊಟ್ಟಿಕ್ಕಿದನೆಂದೂ, ಧೈರ್ಯ ನೋಡಲು ಲಂಗದ ಕಡೆಗೆ ಪಿಸ್ತೂಲು ಹಾರಿಸಿದನೆಂದೂ ಅವರನ್ನು ಬಲ್ಲವರು ಬರೆದಿಟ್ಟಿದ್ದಾರೆ. ಹುಡುಗಿ ಬೆಚ್ಚಿದಳು, ಕಿರುಚಿದಳು. ಡೇಗೆ ನಿರಾಶೆಯಾಯಿತು, ಅವಳನ್ನು ವಸತಿಶಾಲೆಗೆ ಕಳಿಸಿದ. ಮುಂದೆ ಅವಳು ಡೇಯ ಗೆಳೆಯ ಬಿಕ್ನೆಲ್ ಎಂಬ ವಕೀಲನನ್ನು ಮದುವೆಯಾದಳು, ಬೇಗನೆ ವಿಧವೆಯಾದಳು, ಶಾಲೆಯೊಂದರ ಮೇಲ್ವಿಚಾರಣೆಯ ಕೆಲಸ ಮಾಡಿ ಮಕ್ಕಳನ್ನು ಸಾಕಿದಳು. ಡೇ ಹುಡುಕುತ್ತಿದ್ದ ಗಟ್ಟಿತನ ಅವಳಲ್ಲಿ ಇದ್ದೇ ಇತ್ತು. ಅರಗಿನಿಂದ ಅದನ್ನು ಅಳೆಯಲು ಬರುವಂತಿರಲಿಲ್ಲ, ಅಷ್ಟೆ.

ಗೆಳೆಯರು ಈ ಕ್ರೌರ್ಯವನ್ನು ಕಂಡೂ ತಡೆಯಲಿಲ್ಲ ಎಂಬುದು ಈ ಬಳಗದ ಮೇಲಿನ ಕಪ್ಪುಚುಕ್ಕೆ. ವಿಚಿತ್ರವೆಂದರೆ ಅದೇ ಡೇ, ಗೆಳೆಯರನ್ನು ಪಡೆಯುವಾಗ ಯಾವ ಪಟ್ಟಿಯನ್ನೂ ಹಿಡಿದಿರಲಿಲ್ಲ. ಸೊಗಸುಗಾರ ಎಜ್‌ವರ್ತ್ ಎಂಬ ಐರಿಷ್ ಜಮೀನುದಾರ ಅವನ ಅತ್ಯಾಪ್ತ. ಕುಣಿತ, ಗಾಡಿ, ಯಂತ್ರಗಳ ಹುಚ್ಚಿದ್ದ ಆತ ಡೇಗೆ ಎಲ್ಲ ವಿಷಯದಲ್ಲೂ ತದ್ವಿರುದ್ಧ. ಡೇಯ ಪರೀಕ್ಷೆಗೆ ಕೂತಿದ್ದರೆ ಎಜ್‌ವರ್ತ್ ಮೊದಲ ದಿನವೇ ನಪಾಸು. ಡೇ ಸತ್ತದ್ದು 1789ರಲ್ಲಿ, ಪ್ರೀತಿಯಿಂದಲೇ ಪಳಗಿಸಬಹುದೆಂದು ನಂಬಿದ್ದ ಕುದುರೆಯ ಮೇಲಿಂದ ಬಿದ್ದು. ಅವನ ಜೀವನಚರಿತ್ರೆ ಬರೆದವನು ಚಂದ್ರಕೂಟದ ಕೀರ್.

ಬೆಂಕಿ ಬಿದ್ದ ದಿನ

ಧರ್ಮ, ರಾಜಕೀಯ ಕೇಳಬಾರದೆಂಬ ಒಪ್ಪಂದ ಸುಖದ ದಿನಗಳಲ್ಲಿ ಬಳಗವನ್ನು ಕಾಪಾಡಿತು. ಕಷ್ಟದ ದಿನ ಬಂದಾಗ ಅದು ಸಾಲದಾಯಿತು. 1791ರ ಜುಲೈ 14, ಫ್ರೆಂಚ್ ಕ್ರಾಂತಿಯ ಎರಡನೆಯ ವರ್ಷದ ದಿನ. ಅದರ ನೆನಪಿಗೆ ಬರ್ಮಿಂಗ್‌ಹ್ಯಾಮಿನ ಹೋಟೆಲಿನಲ್ಲಿ ಭೋಜನಕೂಟ ನಡೆಯಿತು. ಅಧ್ಯಕ್ಷತೆ ಕೀರ್‌ನದು. ಕ್ರಾಂತಿಯನ್ನು ಬಹಿರಂಗವಾಗಿ ಬೆಂಬಲಿಸಿದ್ದ ಪ್ರೀಸ್ಟ್ಲಿ ಅಲ್ಲಿಗೆ ಹೋಗಿರಲಿಲ್ಲ. ಆದರೂ ಚರ್ಚು ಮತ್ತು ದೊರೆಯ ಹೆಸರಿನಲ್ಲಿ ಕೂಗುತ್ತ ಹೊರಟ ದೊಂಬಿ ಅವನ ಪ್ರಾರ್ಥನಾಮಂದಿರಕ್ಕೆ ಬೆಂಕಿಯಿಟ್ಟು, ಅಲ್ಲಿಂದ ಅವನ ಮನೆಗೆ ಬಂತು. ಗಂಡಹೆಂಡತಿ ಸ್ವಲ್ಪದರಲ್ಲಿ ಪಾರಾದರು. ಗ್ರಂಥಾಲಯ, ಪ್ರಯೋಗಶಾಲೆ, ಹಸ್ತಪ್ರತಿಗಳು, ವೆಜ್‌ವುಡ್ ಕಳಿಸಿದ್ದ ಪಾತ್ರೆಗಳು ಎಲ್ಲವೂ ನಾಶವಾದವು. ಗಲಭೆ ಮೂರು ದಿನ ನಡೆಯಿತು. ವಿದರಿಂಗ್‌ನ ಮನೆಯ ಮೇಲೂ ದಾಳಿಯಾಯಿತು. ಬೋಲ್ಟನ್ ಮತ್ತು ವ್ಯಾಟ್ ಕಾರ್ಖಾನೆಯ ರಕ್ಷಣೆಗೆ ಕೆಲಸಗಾರರ ಕೈಗೆ ಆಯುಧ ಕೊಟ್ಟರು.

ಆಗ ಯಾರು ಹೇಗೆ ನಡೆದುಕೊಂಡರೆಂಬುದು ಹದಿನೈದು ವರ್ಷಗಳ ಹುಣ್ಣಿಮೆಗಳು ಹೇಳದಿದ್ದುದನ್ನು ಹೇಳಿತು. ವೆಜ್‌ವುಡ್ ಕೂಡಲೇ ನೆರವು ನೀಡುತ್ತೇನೆಂದು ಬರೆದ. ಕೀರ್ ಪತ್ರಿಕೆಯಲ್ಲಿ ತನ್ನ ಹೆಸರು ಹಾಕಿಯೇ ಸತ್ಯಸಂಗತಿ ಪ್ರಕಟಿಸಿದ. ಗಾಲ್ಟನ್ ಹಣದ ನೆರವಿಗೆ ನಿಂತ. ಬೋಲ್ಟನ್ ಮಾತ್ರ ಈ ಪಂಥಗಳ ಜಗಳದಲ್ಲಿ ತಲೆಹಾಕದ್ದರಿಂದ ತಾನು ನೆಮ್ಮದಿಯಾಗಿದ್ದೇನೆ ಎಂಬ ಧಾಟಿಯಲ್ಲಿ ಬರೆದ. ಮೇಜಿನ ಸುತ್ತ ದೊಡ್ಡ ಗುಣವಾಗಿದ್ದ ಮೌನ ಬೆಂಕಿಯ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಆದರೆ ವ್ಯಾಟನನ್ನು ವರ್ಷಗಟ್ಟಲೆ ಹೊತ್ತು ನಡೆದವನೂ ಈ ಬೋಲ್ಟನ್‌ನೇ. ಒಬ್ಬ ಗೆಳೆಯನಿಗೆ ಎಲ್ಲ ಹೊತ್ತಿನ ಗುಣವೂ ಇರುವುದಿಲ್ಲ.

ಪ್ರೀಸ್ಟ್ಲಿ ಲಂಡನ್ನಿನ ಬಳಿ ನೆಲೆಸಿದ. 1793ರಲ್ಲಿ ತನ್ನ ಪ್ರಯೋಗಗಳ ಹೊಸ ಪುಸ್ತಕವನ್ನು ಚಂದ್ರಕೂಟದ ಸದಸ್ಯರಿಗೆ ಅರ್ಪಿಸಿದ. ನೆರವಾದವರು, ಸುಮ್ಮನಿದ್ದವರು ಎಂದು ಭೇದ ಮಾಡಲಿಲ್ಲ. ಮರುವರ್ಷ ಅಮೆರಿಕಕ್ಕೆ ಹಡಗು ಹತ್ತಿದವನು ಮರಳಿ ಬರಲಿಲ್ಲ; 1804ರಲ್ಲಿ ಪೆನ್ಸಿಲ್ವೇನಿಯದಲ್ಲಿ ತೀರಿಕೊಂಡ.

ಕೂಟ ಒಡೆಯಲಿಲ್ಲ, ಕರಗಿತು. 1795ರಲ್ಲಿ ವೆಜ್‌ವುಡ್, 1799ರಲ್ಲಿ ವಿದರಿಂಗ್, 1802ರಲ್ಲಿ ಡಾರ್ವಿನ್, 1809ರಲ್ಲಿ ಬೋಲ್ಟನ್ ಹೋದರು. ಮಕ್ಕಳು ಒಂದಷ್ಟು ಕಾಲ ಬಂದು ಕುಳಿತರು. ಅವರಿಗೆ ತಮ್ಮ ತಮ್ಮ ಗೆಳೆಯರು ಬೇರೆ ಇದ್ದರು. 1813ರಲ್ಲಿ, ಉಳಿದವರು ಕೂಟದ ವಿಜ್ಞಾನ ಪುಸ್ತಕಗಳು ಯಾರಿಗೆ ಸೇರಬೇಕೆಂದು ಚೀಟಿ ಎತ್ತಿದರು. ಚೀಟಿ ಬಂದದ್ದು ಗಾಲ್ಟನ್‌ಗೆ. ಅವನು ಪುಸ್ತಕಗಳನ್ನು ಮನೆಗೆ ಕೊಂಡೊಯ್ದ.